ಮಾಸ್ಟರ್ ಅಂಗಿಯ ಆರು ಗುಂಡಿ

ಟಿಕ್, ಟಿಕ್, ಟಿಕ್, ಟಿಕ್, ಟಿಕ್, ಟಿಕ್.

ಆರು ಟಿಕ್ಕಿಗೆ ಗಂಡನ ಅಂಗಿ ಹಾಕಿ ಮುಗಿಯುತ್ತಿತ್ತು. ದಿನಾ ಬೆಳಿಗ್ಗೆ ಆ ಸದ್ದು ಕೇಳಿಸಿದ ಮೇಲೆಯೇ ಅತ್ತೆ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದರು, ಮಗಳು ಕಾಲೇಜಿನ ಚೀಲ ಹೆಗಲಿಗೇರಿಸುತ್ತಿದ್ದಳು. ಬೀದಿಯವರೆಲ್ಲ ಟೈಲರಕ್ಕ ಎಂದು ಕರೆಯುವ ಅವಳಿಗೆ ಆ ಸದ್ದಿನ ಮೇಲೆ ಒಳಗೊಳಗೇ ಹೆಮ್ಮೆ. ಅದು ಅವಳೇ ಕಂಡುಕೊಂಡ ಉಪಾಯ. ಪಾರ್ಶ್ವವಾಯು ಬಡಿದು ಬಲಗೈ ಸೋತ ಗಂಡ ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ, ಅವರ ಎಂಟು ಅಂಗಿಗಳ ಗುಂಡಿ ತೂರುವ ಕಾಜಗಳನ್ನೆಲ್ಲ ಹೊಲಿದು ಮುಚ್ಚಿ, ಗುಂಡಿಗಳನ್ನು ಅವುಗಳ ಮೇಲೆಯೇ ಕೂರಿಸಿ, ಒಳಬದಿಗೆ ಒತ್ತಿದರೆ ಕಚ್ಚಿಕೊಳ್ಳುವ ಟಿಚ್ ಬಟನ್ ಹಾಕಿದ್ದಳು. ಹೊರಗಿನವರ ಕಣ್ಣಿಗೆ ಅದೇ ಅಂಗಿ, ಅದೇ ಗುಂಡಿ. ಗಂಡನ ಮಾನವೂ ಉಳಿಯಿತು, ಕೈಗೆ ಕಷ್ಟವೂ ತಪ್ಪಿತು ಎಂದುಕೊಂಡಿದ್ದಳು.

ಗಂಡನನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಗಿಲಿಗೆ ಎದುರಾಗಿ ಬಟ್ಟೆ ಕತ್ತರಿಸುವ ಮೇಜು, ಕಿಟಕಿಯ ಕೆಳಗೆ ಅವಳ ಹೊಲಿಗೆ ಯಂತ್ರ, ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ. ಇಪ್ಪತ್ತೆರಡು ವರ್ಷಗಳಿಂದ ಟೇಪು, ಸೀಮೆಸುಣ್ಣ, ಕತ್ತರಿ ಅವರದು. ನೂಲು, ಸೂಜಿ, ಕಾಜ ಇವಳದು. ಮಾಸ್ಟರು ಎಳೆದ ಗೆರೆಯ ಮೇಲೆ ಇರುವೆಯನ್ನು ಬಿಟ್ಟರೆ ಅದು ದಾರಿ ಕೇಳದೆ ಊರು ಸೇರುತ್ತದೆ ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು.

ಆ ಗೆರೆಯೇ ಅವರ ಜೀವ ಉಳಿಸಿದ್ದು. ಎದುರು ಸಾಲಿನ ಡ್ರೈವಿಂಗ್ ಶಾಲೆಯವರು ಕೋಟು ಹೊಲಿಸಲೆಂದು ಕಡುನೀಲಿ ಬಟ್ಟೆ ತಂದುಕೊಟ್ಟಿದ್ದರು. ದಿನವಿಡೀ ‘ಕ್ಲಚ್ ಬಿಡಿ, ಕ್ಲಚ್ ಬಿಡಿ’ ಎಂದು ಕೂಗುವ ಅವರಿಗೆ ಬೀದಿಯ ಮಕ್ಕಳು ಇಟ್ಟ ಹೆಸರು ಕ್ಲಚ್ ಮಾಮ. ಪಾರ್ಶ್ವವಾಯು ಬಡಿದ ಬೆಳಿಗ್ಗೆ ಮಾಸ್ಟರು ಅದೇ ಬಟ್ಟೆಯನ್ನು ಮೇಜಿನ ಮೇಲೆ ಹರಡಿ ಗೆರೆ ಎಳೆಯುತ್ತಿದ್ದರು. ಟೈಲರಕ್ಕ ಯಂತ್ರಕ್ಕೆ ನೂಲು ಪೋಣಿಸುತ್ತಾ ಸುಮ್ಮನೆ ಅತ್ತ ನೋಡಿದಳು. ಬೆನ್ನಿನ ಗೆರೆ ಅರ್ಧದವರೆಗೆ ನೆಟ್ಟಗೆ ಬಂದು, ಅಲ್ಲಿಂದ ಕುಡಿದವನ ಹಾಗೆ ಪಕ್ಕಕ್ಕೆ ಜಾರಿತ್ತು.

“ರೀ, ಗೆರೆ ಓರೆ ಹೋಯ್ತು.”

ಅವರು ತಲೆ ಎತ್ತಲಿಲ್ಲ. ಸೀಮೆಸುಣ್ಣ ಬೆರಳಿಂದ ಜಾರಿ ಬಿತ್ತು. ಅವಳು ಎರಡನೇ ಮಾತಾಡದೆ ಬೀದಿಗೆ ಓಡಿ, ಕಲಿಯಲು ಕೂತಿದ್ದ ಹೆಂಗಸನ್ನು ಇಳಿಸಿ, ಕ್ಲಚ್ ಮಾಮನ ಕಾರನ್ನು ಬಾಗಿಲಿಗೆ ತರಿಸಿದಳು. ಒಂದು ಗಂಟೆಯೊಳಗೆ ಆಸ್ಪತ್ರೆ ಸೇರಿದರು. ಇಷ್ಟು ಬೇಗ ಬಂದಿದ್ದು ಒಳ್ಳೆಯದಾಯಿತು, ಏನಾಗುತ್ತಿದೆ ಎಂದು ಹೇಗೆ ಗೊತ್ತಾಯಿತು ಎಂದು ಡಾಕ್ಟರು ಕೇಳಿದರೆ, “ಗೆರೆ ಓರೆ ಹೋಯ್ತು ಸಾರ್” ಎಂದಷ್ಟೇ ಹೇಳಲು ಸಾಧ್ಯವಾಯಿತು ಅವಳಿಗೆ.

ಜೀವ ಉಳಿಯಿತು. ಬಲಗಾಲು ಎಳೆಯುತ್ತಾ ನಡೆಯುವಂತಾಯಿತು. ಬಲಗೈ ಮಾತ್ರ ಮಡಿಲಲ್ಲಿ ಬೇರೆಯವರ ವಸ್ತುವಿನ ಹಾಗೆ ಬಿದ್ದಿರುತ್ತಿತ್ತು. ಮಾತುಗಳಲ್ಲಿ ಒಂದೇ ಒಂದು ಉಳಿದಿತ್ತು. ನಿಮ್ಮ ಹೆಸರೇನು ಎಂದು ನರ್ಸ್ ಕೇಳಿದರೆ ಮಾಸ್ಟರು ಬಹಳ ಹೊತ್ತು ತಡಕಾಡಿ ಹೇಳಿದ್ದು, “ನಾಳೆ.”

ಊಟ ಬೇಕಾ? ನಾಳೆ. ಕಾಲು ನೋಯ್ತಿದೆಯಾ? ನಾಳೆ.

ಮಗಳು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಅತ್ತೆ ಮಾತ್ರ ಮಗನ ಕೆನ್ನೆ ಸವರಿ, “ಇಪ್ಪತ್ತೆರಡು ವರ್ಷ ಗಿರಾಕಿಗಳಿಗೆಲ್ಲ ಹೇಳಿದ ಮಾತು, ನಾಲಿಗೆಗೆ ಅಂಟ್ಕೊಂಡಿದೆ. ಯಮ ಬಂದಾಗಲೂ ಅದನ್ನೇ ಹೇಳಿರ್ಬೇಕು. ಅವನೂ ಪಾಪ, ಟೈಲರ್ ಮಾತು ನಂಬ್ಕೊಂಡು ವಾಪಸ್ ಹೋದ” ಎಂದರು. ಮಾಸ್ಟರ ಬಾಯಿ ಎಡಗಡೆಗಷ್ಟೇ ಅರಳಿತು. ಮಗ ನಕ್ಕ ಎಂದು ಅತ್ತೆ ಇಡೀ ವಾರ್ಡಿಗೆ ಸಾರಿದರು.

ಮನೆಗೆ ಬಂದ ಮೇಲೆ ಟೈಲರಕ್ಕ ಆ ನೀಲಿ ಬಟ್ಟೆಯನ್ನು ಗೆರೆ ಸಮೇತ ಮಡಚಿ ಮೇಲಿನ ಗೂಡಿನಲ್ಲಿಟ್ಟಳು. ಬೇರೆ ಕಡೆ ಕೊಟ್ಟು ಹೊಲಿಸಿಕೊಳ್ಳಿ ಎಂದರೆ ಕ್ಲಚ್ ಮಾಮ ಕೇಳಲಿಲ್ಲ. “ಮಾಸ್ಟ್ರು ಎದ್ದ ಮೇಲೆ ಹೊಲೀತಾರೆ ಬಿಡಕ್ಕ. ನನಗೇನು ಚಳಿಯಾ?” ಎಂದು ಹೋಗಿಬಿಟ್ಟರು. ಅಂದಿನಿಂದ ಅವಳ ಪ್ರಶ್ನೆಯೆಲ್ಲ ಆ ಗೂಡಿನಲ್ಲೇ ಇತ್ತು: ಅದನ್ನು ಇವರು ಕೆಳಗಿಳಿಸುತ್ತಾರಾ? ಆ ಮೇಜಿನ ಮುಂದೆ ಮತ್ತೆ ನಿಲ್ಲುತ್ತಾರಾ, ಅಥವಾ ಇನ್ನು ಮುಂದೆ ಈ ಕುರ್ಚಿಯೇನಾ?

ಕಾಯುವಷ್ಟು ದಿನ ಅವರಿಗೆ ಯಾವ ಕಷ್ಟವೂ ಆಗಬಾರದು ಎಂದು ಅವಳು ಟೊಂಕ ಕಟ್ಟಿ ನಿಂತಳು. ತುತ್ತು ಕಲಸಿ ಬಾಯಿಗಿಟ್ಟಳು. ಒಂದೊಂದು ಅಕ್ಷರ ಬರತೊಡಗಿದ್ದ ಅವರು ‘ನೀ’ ಎನ್ನುವಷ್ಟರಲ್ಲಿ ನೀರಿನ ಲೋಟ ತುಟಿಗೆ ಬಂದಿರುತ್ತಿತ್ತು. ‘ಬಾ’ ಎಂದರೆ ಬಾಗಿಲು ಹಾಕಬೇಕಾ ಎಂದು ಕೇಳಿ, ಉತ್ತರ ಬರುವ ಮೊದಲೇ ಹಾಕಿಬಿಡುತ್ತಿದ್ದಳು. ಬರಬರುತ್ತಾ ಮಾಸ್ಟರು ‘ನೀ’ ಎನ್ನುವುದನ್ನೂ ಬಿಟ್ಟರು. ಕಣ್ಣಲ್ಲಿ ತೋರಿಸಿದರೂ ಸಾಕಾಗುತ್ತಿತ್ತಲ್ಲ.

ಎರಡು ತಿಂಗಳ ಮೇಲೆ ಆಸ್ಪತ್ರೆಯಿಂದ ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳು ವಾರಕ್ಕೊಮ್ಮೆ ಮನೆಗೆ ಬರತೊಡಗಿದಳು. ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಮೊದಲ ದಿನವೇ ಮಾಸ್ಟರ ತೋಳನ್ನು ಎತ್ತಿ ಇಳಿಸಿ, ಅಂಗಿ ಬಿಚ್ಚಲು ಹೋದವಳು ಟಿಕ್ ಎಂದ ಸದ್ದಿಗೆ ಬೆಚ್ಚಿದಳು.

“ಇದೇನ್ ಆಂಟಿ, ಟಿಚ್ ಬಟನ್?”

“ನಾನೇ ಹಾಕಿದ್ದು. ಎಂಟೂ ಅಂಗಿಗೆ. ಹೊರಗಡೆಯಿಂದ ಗೊತ್ತಾಗುತ್ತಾ ನೋಡು?”

ಹುಡುಗಿ ಗುಂಡಿಯನ್ನೂ ಮುಚ್ಚಿದ ಕಾಜವನ್ನೂ ಸವರಿ ನೋಡಿದಳು. “ಎಂಥಾ ಕೆಲಸ ಆಂಟಿ, ನಿಜವಾಗ್ಲೂ. ಬೇಜಾರು ಮಾಡ್ಕೋಬೇಡಿ, ಒಂದು ಮಾತು ಕೇಳ್ತೀನಿ. ಊಟ ನೀವೇ ಮಾಡಿಸ್ತೀರಿ. ಮಾತು ನೀವೇ ಆಡ್ತೀರಿ. ಗುಂಡೀನೂ ತೆಗೆದ್ಬಿಟ್ರಿ. ಈ ಕೈಗೆ ಅಂತ ಏನ್ ಕೆಲಸ ಉಳಿಸಿದ್ದೀರಿ?”

ಟೈಲರಕ್ಕನ ಮುಖ ಕಪ್ಪಿಟ್ಟಿತು. ಅತ್ತೆ ಅಡುಗೆಮನೆಯಿಂದಲೇ, “ಕಟ್ಕೊಂಡ ಗಂಡನ್ನ ನೋಡ್ಕೊಂಡಿದ್ದೂ ತಪ್ಪಾಯ್ತಾ?” ಎಂದು ಪಾತ್ರೆ ಕುಕ್ಕಿದರು. ಹುಡುಗಿ ಹೋದ ಮೇಲೆ ಸೊಸೆಯೂ ಅದನ್ನೇ ಗೊಣಗಿಕೊಂಡಳು.

ಆದರೂ ಮಧ್ಯಾಹ್ನ ಒಂದು ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಬ್ಲೇಡಿನಿಂದ ಹೊಲಿಗೆ ಬಿಚ್ಚತೊಡಗಿದಳು. ಕತ್ತಿನಿಂದ ಎರಡನೇ ಗುಂಡಿಗೆ ಬಂದಾಗ ಕೈ ನಿಂತಿತು. ಆ ಗುಂಡಿಯ ನೂಲು ಸಡಿಲವಾಗಿತ್ತು. ಅದೇನು ಹೊಸದಲ್ಲ. ಪ್ರತಿ ಒಗೆತದ ಹೊತ್ತಿಗೂ ಆ ಗುಂಡಿ ಸಡಿಲಾಗಿರುತ್ತಿತ್ತು. ಕಳಪೆ ನೂಲು ಎಂದು ಅಂಗಡಿಯವನನ್ನು ಬೈಯುತ್ತಾ ಅವಳು ಮತ್ತೆ ಬಿಗಿಯುತ್ತಿದ್ದಳು. ಈಗ ಇನ್ನೊಂದು ಅಂಗಿ ತೆಗೆದು ನೋಡಿದಳು. ಅದರಲ್ಲೂ ಎರಡನೆಯದೇ. ಮೂರನೇ ಅಂಗಿ, ನಾಲ್ಕನೇ ಅಂಗಿ. ಎಂಟರಲ್ಲೂ ಆ ಒಂದೇ ಗುಂಡಿಯ ನೂಲು ಎಳೆದೆಳೆದು ಜಗ್ಗಿತ್ತು.

ಮಡಿಲಲ್ಲಿ ಕೈಯಿಟ್ಟು ಕೂತರೆ ಬೆರಳು ತಾಗುವುದು ಆ ಗುಂಡಿಗಲ್ಲ. ಆ ಸೋತ ಕೈಯನ್ನು ಎದೆಯವರೆಗೆ ಎತ್ತಬೇಕು. ಯಾರೂ ನೋಡದಾಗ ಅವರು ಎತ್ತುತ್ತಿದ್ದರು. ಮುಚ್ಚಿಹೋದ ಕಾಜದಿಂದ ಆ ಗುಂಡಿಯನ್ನು ಬಿಡಿಸಲು ದಿನಾ ಎಳೆಯುತ್ತಿದ್ದರು. ತನಗಿನ್ನು ಒಂದು ಗುಂಡಿಯೂ ಬಿಚ್ಚಲು ಬರುವುದಿಲ್ಲ ಎಂದುಕೊಂಡಿದ್ದರೋ ಏನೋ. ಅವಳು ಅದನ್ನು ಮತ್ತೆ ಮತ್ತೆ ಬಿಗಿಯುತ್ತಲೇ ಇದ್ದಳು.

ಅಂಗಿಯನ್ನು ಹಿಡಿದು ಅವರ ಕುರ್ಚಿಯ ಮುಂದೆ ನೆಲದ ಮೇಲೆ ಕೂತಳು. “ರೀ, ಇದು ನಿಮ್ಮ ಕೆಲಸಾನಾ?”

ಮಾಸ್ಟರು ಸಡಿಲ ಗುಂಡಿ ನೋಡಿದರು, ಅವಳ ಮುಖ ನೋಡಿದರು. ಕದ್ದು ಸಿಕ್ಕಿಬಿದ್ದವರ ಹಾಗೆ, “ನಾಳೆ” ಎಂದರು. ಅವಳು ಅತ್ತಳು, ನಕ್ಕಳು, ಮೂಗನ್ನು ಅದೇ ಅಂಗಿಯಿಂದ ಒರೆಸಿಕೊಂಡಳು.

ಅಂದು ಸಂಜೆಯೊಳಗೆ ಎಂಟೂ ಅಂಗಿಗಳ ಟಿಚ್ ಬಟನ್ ಕಿತ್ತು ಡಬ್ಬಿಗೆ ಹಾಕಿದಳು. ಕಾಜಗಳನ್ನು ಬಿಡಿಸಿ, ಇನ್ನಷ್ಟು ಉದ್ದ ಕೊಯ್ದು, ಅಂಚು ಕಟ್ಟಿದಳು. ಹೆಂಗಸರ ಓವರ್‌ಕೋಟಿಗೆ ಹಾಕುವ, ಬಿಸ್ಕತ್ತಿನಷ್ಟು ದೊಡ್ಡ ಕೆಂಪು ಗುಂಡಿಗಳನ್ನು ಹೊಲಿದಳು. ಅಂಗಿ ನೋಡಿ ಮಗಳು, “ಅಪ್ಪಾ, ಸರ್ಕಸ್‌ನಲ್ಲಿ ಕೆಲಸ ಸಿಕ್ತಾ?” ಎಂದು ಕೇಳಿದಳು.

ಮರುದಿನದಿಂದ ಅಂಗಿ ಮಾಸ್ಟರ ಪಾಲಿಗೆ, ಕಾಯುವುದು ಟೈಲರಕ್ಕನ ಪಾಲಿಗೆ. ಎರಡರಲ್ಲಿ ಯಾವುದು ಕಷ್ಟ ಎಂದು ಹೇಳುವುದು ಕಷ್ಟ. ಅವಳು ಯಂತ್ರದ ಮುಂದೆ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಕಾಲನ್ನು ಪೆಡಲಿನಿಂದ ತೆಗೆದು, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಳ್ಳುತ್ತಿದ್ದಳು. ಬೆನ್ನ ಹಿಂದೆ ಉಸಿರು, ಬಟ್ಟೆಯ ಸರಬರ, ಮತ್ತೆ ಉಸಿರು. ಮೊದಲ ಗುಂಡಿಗೆ ಅನ್ನ ಬೇಯುವಷ್ಟು ಹೊತ್ತಾಯಿತು, ಆದರೂ ಅದು ಕಾಜದಲ್ಲಿ ಕೂರಲಿಲ್ಲ. ಮೂರನೇ ದಿನ ಮಾಸ್ಟರು ಅಂಗಿಯನ್ನು ಎಸೆದೇಬಿಟ್ಟರು. ಅದು ಇಸ್ತ್ರಿಪೆಟ್ಟಿಗೆಯ ಮೇಲೆ ಬಿತ್ತು.

“ಗಂಡನ ಗುಂಡಿ ಹಾಕೋಕಾಗದಷ್ಟು ನಿನ್ನ ಕೈ ಸವೆದುಹೋಯ್ತಾ?” ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು. “ನೋಡೋಕಾಗಲ್ಲ ನನ್ ಕೈಲಿ.”

“ನನ್ ಕೈಲೂ ಆಗಲ್ಲ ಅತ್ತೆ, ಅದಕ್ಕೇ ಈ ಕಡೆ ತಿರುಗಿ ಕೂತಿದ್ದೀನಿ. ಬನ್ನಿ, ನೀವೂ ಈ ಕಡೆ ಕೂತ್ಕೊಳ್ಳಿ.”

ಅತ್ತೆ ಬೈಯುತ್ತಲೇ ಬಂದು ಪಕ್ಕದ ಸ್ಟೂಲಿನಲ್ಲಿ ಗೋಡೆ ನೋಡುತ್ತಾ ಕೂತರು. ಅತ್ತೆ ಸೊಸೆ ಇಬ್ಬರೂ ಬೆನ್ನು ಹಾಕಿ ಸಾಲಾಗಿ ಕೂರುವುದು ಆಮೇಲೆ ದಿನದ ಪದ್ಧತಿಯೇ ಆಯಿತು. ಹನ್ನೊಂದನೇ ದಿನ ಹಿಂದಿನಿಂದ ಬೆರಳಲ್ಲಿ ಕುರ್ಚಿಯ ಕೈ ತಟ್ಟಿದ ಸದ್ದು. ಇಬ್ಬರೂ ಒಟ್ಟಿಗೆ ತಿರುಗಿದರು. ಎರಡನೇ ಗುಂಡಿ ಕಾಜದೊಳಗೆ ಕೂತಿತ್ತು. ಓರೆಯಾಗಿ, ಅರ್ಧ ಹೊರಗೆ, ಆದರೂ ಕೂತಿತ್ತು. ಮಾಸ್ಟರ ಹಣೆಯಲ್ಲಿ ಬೆವರು.

“ಟಿಕ್ ಅನ್ನಲಿಲ್ಲ ಕಣೇ” ಎಂದರು ಅತ್ತೆ, ಮೂಗು ಸೊರಗುಟ್ಟಿಸುತ್ತಾ. “ಸದ್ದೇ ಇಲ್ಲದೆ ಹಾಕ್ಬಿಟ್ಟ.”

ಆರೂ ಗುಂಡಿ ಹಾಕಲು ಬಂದ ಮೇಲೆ ಟೈಲರಕ್ಕ ಕೆಂಪು ಗುಂಡಿ ತೆಗೆದು ಅದಕ್ಕಿಂತ ಸಣ್ಣದನ್ನು ಹೊಲಿದಳು. ಕಾಜವನ್ನೂ ಅಷ್ಟಕ್ಕೇ ಕಿರಿದು ಮಾಡಿದಳು. ಇನ್ನೊಂದು ತಿಂಗಳಿಗೆ ಇನ್ನೂ ಸಣ್ಣದು. ಮಾತೂ ಹಾಗೇ ಬಂತು, ಕಾಜಕ್ಕೆ ಗುಂಡಿ ಬಂದ ಹಾಗೆ, ಅರ್ಧ ಒಳಗೆ ಅರ್ಧ ಹೊರಗೆ. ‘ನೀ’ ಎಂದರೆ ಈಗ ಯಾರೂ ಏಳುತ್ತಿರಲಿಲ್ಲ. ಅವರು ‘ನೀರು’ ಎಂದು ಮುಗಿಸುವವರೆಗೆ ಮಗಳು ಲೋಟ ಹಿಡಿದು, ತುಟಿ ಕಚ್ಚಿ ನಿಂತಿರುತ್ತಿದ್ದಳು. ಒಂದು ದಿನ ಅದು ‘ನೀಲಿ’ ಎಂದು ಬಂತು. ತಪ್ಪು ಮಾತು ಬಂದಿದೆ ಎಂದುಕೊಂಡು ಮಗಳು ಲೋಟ ಕೊಟ್ಟಳು. ಅವರು ತಲೆಯಾಡಿಸಿ, ಮೇಲಿನ ಗೂಡಿನ ಕಡೆ ಕೈ ತೋರಿಸಿದರು. ಬಲಗೈ.

ಆ ಹೊತ್ತಿಗೆ ಏಳು ತಿಂಗಳಾಗಿತ್ತು. ಮಗಳು ಹಳೆಯ ಪತ್ರಿಕೆಗಳ ಮೇಲೆ ಎಳೆದುಕೊಟ್ಟ ಗೆರೆಗಳನ್ನು ಮಾಸ್ಟರು ಒಂದು ತಿಂಗಳಿಂದ ಸಣ್ಣ ಕತ್ತರಿಯಲ್ಲಿ ಕತ್ತರಿಸುತ್ತಿದ್ದರು. ಕಾಗದ ಬೇರೆ, ಕೋಟಿನ ಬಟ್ಟೆ ಬೇರೆ. ಬಟ್ಟೆ ಹಾಳಾದರೆ ಬೇರೆ ತಂದೇವು. ಆದರೆ ಮೊದಲ ದಿನವೇ ಕೈ ಕೊಟ್ಟರೆ ಇವರು ಮತ್ತೆ ಈ ಮೇಜಿನ ಹತ್ತಿರ ಬರುತ್ತಾರಾ? ‘ಇನ್ನೊಂದು ಸ್ವಲ್ಪ ದಿನ ಹೋಗಲಿ’ ಎನ್ನುವ ಮಾತು ಟೈಲರಕ್ಕನ ಗಂಟಲಿನವರೆಗೂ ಬಂತು. ಅದನ್ನು ನುಂಗಿ ಸ್ಟೂಲು ಹತ್ತಿ ಬಟ್ಟೆ ಇಳಿಸಿಕೊಟ್ಟಳು.

ಬಿಚ್ಚಿದಾಗ ಆ ಬೆಳಗಿನ ಗೆರೆ ಹಾಗೇ ಇತ್ತು. ಮಾಸ್ಟರು ಅದನ್ನು ಬಹಳ ಹೊತ್ತು ನೋಡಿದರು. ಬಟ್ಟೆಯ ಬ್ರಷ್ಷು ತೆಗೆದುಕೊಂಡು ನಿಧಾನವಾಗಿ ಒರೆಸಿ ಹಾಕಿದರು. ಎಡಗೈಯಿಂದ ಬಟ್ಟೆ ಒತ್ತಿಹಿಡಿದು, ಬಲಗೈಯ ಮೂರು ಬೆರಳಲ್ಲಿ ಸೀಮೆಸುಣ್ಣ ಹಿಡಿದು, ಬೆನ್ನಿನ ಗೆರೆ ಎಳೆದರು. ಒಂದು ಕಡೆ ಕೂದಲೆಳೆಯಷ್ಟು ನಡುಗಿತು. ಮೊದಲೆಲ್ಲ ಒಂದು ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ದಿನಕ್ಕೆರಡು ತುಂಡು, ನಡುನಡುವೆ ಕೈಗೆ ವಿಶ್ರಾಂತಿ. ನಾಲ್ಕನೇ ದಿನ ಕೊನೆಯ ತೋಳಿನ ತುಂಡು ಮೇಜಿನಿಂದ ಅವಳ ಯಂತ್ರಕ್ಕೆ ಬಂದಾಗ, ಅವಳು ಅಂಚಿಗೆ ಅಂಚು ಜೋಡಿಸಿ ನೋಡಿದಳು. ಎರಡೂ ತೋಳು ಒಂದೇ ಅಳತೆ. ಏಳು ತಿಂಗಳಿಂದ ಎದೆಯಲ್ಲಿ ಹಿಡಿದಿಟ್ಟ ಉಸಿರು ಆಗ ಹೊರಬಂತು. ಪೆಡಲು ಒತ್ತಿದಳು.

ಮೊದಲ ಸಲ ತೊಡಿಸಿ ನೋಡಲು ಕ್ಲಚ್ ಮಾಮನನ್ನು ಕರೆಸಿದರು. ಕೋಟು ಹಾಕಿಕೊಂಡು ಅವರು ಕನ್ನಡಿಯ ಮುಂದೆ ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು, ಸ್ಟೀರಿಂಗ್ ಹಿಡಿದವರ ಹಾಗೆ ತೋಳು ಚಾಚಿದರು. “ನಾನೇ ದಪ್ಪ ಆಗಿದ್ದೀನಿ, ಕೋಟಲ್ಲೇನೂ ತಪ್ಪಿಲ್ಲ.” ಮಾಸ್ಟರು ಮೇಜಿಗೆ ಒರಗಿ ನಿಂತು ಹೊಟ್ಟೆಯ ಹತ್ತಿರ ಗುರುತು ಹಾಕಿದರು. ಅವರ ಅಂಗಿಯಲ್ಲಿ ಎಲ್ಲರ ಅಂಗಿಯಲ್ಲಿರುವಷ್ಟೇ ಸಣ್ಣ ಬಿಳಿ ಗುಂಡಿಗಳು, ಆರೂ ಹಾಕಿದ್ದವು.

“ಕೈಗೆ ಯಾವಾಗ ಸಿಗುತ್ತೆ ಮಾಸ್ಟ್ರೇ?”

ಮಾಸ್ಟರು ಬಾಯಿ ತೆರೆದರು. ಸುಲಭದ ಮಾತು ಅಲ್ಲೇ ನಾಲಿಗೆಯ ತುದಿಯಲ್ಲಿತ್ತು; ಅದನ್ನು ಅವರು ಬದಿಗೆ ಸರಿಸಿದ್ದು ಟೈಲರಕ್ಕನಿಗೆ ಕಂಡಿತು. “ಶು...” ಎಂದರು. ನಿಂತರು. “ಶು...”

ಶುಕ್ರವಾರ ಎಂದು ಗಂಡ ಹೆಂಡತಿ ಬೆಳಿಗ್ಗೆಯೇ ಮಾತಾಡಿಕೊಂಡಿದ್ದರು. ಕ್ಲಚ್ ಮಾಮ ಮಾಸ್ಟರನ್ನು ಬಿಟ್ಟು ಅವಳ ಕಡೆ ತಿರುಗಿದರು. “ಏನಂತೆ ಅಕ್ಕ? ಯಾವ ದಿನ?”

“ಅವರನ್ನೇ ಕೇಳಿ.” ಅವಳು ಎದ್ದಳು. “ನೀಲಿ ನೂಲು ಮುಗಿದಿದೆ, ತಂದ್ಬಿಡ್ತೀನಿ.”

ಯಂತ್ರದ ಖಾನೆಯಲ್ಲಿ ನೀಲಿ ನೂಲಿನ ಮೂರು ತುಂಬಿದ ಉಂಡೆಗಳಿದ್ದವು. ಅದು ಮಾಸ್ಟರಿಗೂ ಗೊತ್ತಿತ್ತು. ಅವರ ಬಾಯಿ ಎಡಕ್ಕೆ, ಈಗೀಗ ಸ್ವಲ್ಪ ಬಲಕ್ಕೂ, ಅರಳಿತು.

“ಅಲ್ಲಕ್ಕ, ದಿನ ಹೇಳಿ ಹೋಗಿ, ನಾನು ಆ ದಿನ ಕ್ಲಾಸು...” ಕ್ಲಚ್ ಮಾಮ ಹೇಳುತ್ತಲೇ ಇದ್ದರು. ಟೈಲರಕ್ಕ ಚಪ್ಪಲಿ ಮೆಟ್ಟಿಕೊಂಡು, ಮೆಟ್ಟಿಲಿಳಿದು, ಬಿಸಿಲಿನ ಬೀದಿಯಲ್ಲಿ ನೂಲಿನ ಅಂಗಡಿಯ ಕಡೆ ನಡೆದುಬಿಟ್ಟಳು.