ದ್ವೀಪದ ಹನ್ನೆರಡು ಗಂಟೆ

೨೦೧೬ರ ಮಾರ್ಚ್‌ನಲ್ಲಿ ನಾನು ಕೆಲಸ ಮಾಡುತ್ತಿದ್ದ ಸಿಂಗಪುರದ ಆಫೀಸಿನವರು ಕೆರಿಬಿಯನ್ ದ್ವೀಪವೊಂದರ ಆಸ್ಪತ್ರೆಗೆ ಸೋಲಾರ್ ಹಾಕಿಸಿದ್ದರು. ವಾರವಿಡೀ ಸರಿಯಾಗಿ ನಡೆದರೆ ಮಾತ್ರ ಲಸಿಕೆಯ ಫ್ರಿಜ್ಜನ್ನು ಅದಕ್ಕೆ ಜೋಡಿಸುವುದೆಂದು ಮಾತಾಗಿತ್ತು. ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿನ ಉತ್ಪಾದನೆಯನ್ನು ಕಂಪ್ಯೂಟರಿನಲ್ಲಿ ನೋಡಿ ಬರೆದಿಡುವುದು ನನ್ನ ಕೆಲಸ. ಸೋಮವಾರ ಸೊನ್ನೆ, ಮಂಗಳವಾರ ಸೊನ್ನೆ, ಬುಧವಾರವೂ ಸೊನ್ನೆ. ಫಲಕಗಳು ಕೆಟ್ಟಿವೆ, ಫ್ರಿಜ್ಜು ಜೋಡಿಸುವುದು ಬೇಡ ಎಂದು ವರದಿ ಬರೆದು ಗುರುವಾರ ಬೆಳಿಗ್ಗೆ ಮೈಸೂರಿನವರಾದ ಮ್ಯಾನೇಜರ್‌ಗೆ ಕೊಟ್ಟೆ. ಅವರು ನಕ್ಕರು.

"ಏನಮ್ಮಾ, ನಡುರಾತ್ರೀಲಿ ಸೂರ್ಯನ್ನ ಹುಡುಕ್ತಿದ್ಯಾ? ಅಲ್ಲಿಗೂ ಇಲ್ಲಿಗೂ ಕರೆಕ್ಟಾಗಿ ಹನ್ನೆರಡು ಗಂಟೆ ಡಿಫರೆನ್ಸು!"

"ಸ್ಕ್ರೀನಲ್ಲಿ ಅಲ್ಲಿಯ ಟೈಮೂ ಹನ್ನೆರಡು ಅಂತಾನೇ ಇತ್ತಲ್ಲ ಸರ್, ಹಗಲೋ ರಾತ್ರಿಯೋ ಅಂತ ಇರ್ಲಿಲ್ಲ," ಎಂದೆ.

ಅಲ್ಲಿನ ಹಗಲಿನ ದಾಖಲೆ ತೆಗೆದು ನೋಡಿದರೆ ಮೂರೂ ದಿನ ಅಂದುಕೊಂಡದ್ದಕ್ಕಿಂತ ಹೆಚ್ಚೇ ವಿದ್ಯುತ್ ಬಂದಿತ್ತು. ವರದಿ ಹರಿದು ಹೊಸದು ಬರೆದೆ. ಮುಂದಿನ ಸೋಮವಾರ ಅಲ್ಲಿನ ನರ್ಸ್ ಫೋಟೊ ಕಳಿಸಿದರು: ತೆರೆದ ಫ್ರಿಜ್ಜಿನೊಳಗೆ ಲಸಿಕೆಯ ಹದಿನಾಲ್ಕು ಡಬ್ಬಿ. ಎರಡು ಸಲ ಎಣಿಸಿ ಡೈರಿಯಲ್ಲಿ ಬರೆದುಕೊಂಡೆ.