ಅರ್ಜೆಂಟೀನಾ ಸೋತ ದಿನ ತೀರಿಕೊಂಡ ದೊಡ್ಡಪ್ಪ

ನಮ್ಮ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಅವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ಏಳು ಮಂದಿ ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು, ಕೈಯಲ್ಲಿ ಬುತ್ತಿ ಹಿಡಿದು, ಒಂದು ಮಾತೂ ಆಡದೆ ನನ್ನ ಬಾಡಿಗೆ ಮನೆಯೊಳಗೆ ಬಂದರು. ಒಬ್ಬರು ನನ್ನ ಒದ್ದೆ ಕೂದಲನ್ನು ಹಿಂದಕ್ಕೆ ಸರಿಸಿದರು. ಇನ್ನೊಬ್ಬರು ಜೋಳದ ರೊಟ್ಟಿ ಮುರಿದು, ಅದಕ್ಕೆ ಝುಣಕ ಹಚ್ಚಿ, ನೇರ ನನ್ನ ಬಾಯಿಗೇ ಇಟ್ಟರು. ಕಡಲೆಹಿಟ್ಟಿನ ಆ ಖಾರದ ಪಲ್ಯ ಗಂಟಲಿಗೆ ಇಳಿಯುವಾಗ ನಾನು ದಂಗಾಗಿ ಕೂತಿದ್ದೆ. ಗೋಕಾಕಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ಅಲ್ಲಿಯವರೆಗೆ ಈ ಊರಿನಲ್ಲಿ ಯಾರೂ ನನ್ನನ್ನು ಮುಟ್ಟಿ ಮಾತಾಡಿಸಿರಲಿಲ್ಲ.

ನಡೆದದ್ದು ಇಷ್ಟೇ: ಆ ಮಧ್ಯಾಹ್ನ ವಿಶ್ವಕಪ್ಪಿನ ತನ್ನ ಮೊದಲ ಆಟದಲ್ಲಿ ಅರ್ಜೆಂಟೀನಾ ಸೌದಿ ಅರೇಬಿಯಾದ ಎದುರು ಸೋತಿತ್ತು.

ಉಪ್ಪಳ, ಮಂಜೇಶ್ವರ, ಕುಂಬಳೆಯ ಕಡೆಯಿಂದ ಇದನ್ನು ಓದುತ್ತಿರುವ ನಿಮಗೆ ಬಿಡಿಸಿ ಹೇಳಬೇಕಿಲ್ಲ. ವಿಶ್ವಕಪ್ ಬಂತೆಂದರೆ ನಮ್ಮಲ್ಲಿ ತೆಂಗಿನ ಮರದೆತ್ತರದ ಕಟೌಟು ಏಳುತ್ತದೆ, ಒಂದೇ ಮನೆಯಲ್ಲಿ ಅಣ್ಣ ಬ್ರೆಜಿಲ್, ತಮ್ಮ ಅರ್ಜೆಂಟೀನಾ ಆಗಿ ತಿಂಗಳುಗಟ್ಟಲೆ ಮಾತು ಬಿಡುತ್ತಾರೆ. ನನ್ನ ಅಪ್ಪ ಟೈಲರ್. ಊರಿನ ಅರ್ಧ ಬಾವುಟಗಳನ್ನು ಹೊಲಿದವರು ಅವರೇ. ಆದರೆ ಅವರ ನಿಜವಾದ ಭಕ್ತಿ ಇದ್ದದ್ದು ಅಡುಗೆಮನೆಯಲ್ಲಿ. ಅರ್ಜೆಂಟೀನಾ ಆಡುವ ದಿನ ಶಂಖಪುಷ್ಪವನ್ನು ಬಿಸಿನೀರಿನಲ್ಲಿ ನೆನೆಸಿ, ಆ ನೀಲಿ ನೀರು ಚಿಮುಕಿಸಿ ಅಕ್ಕಿಹಿಟ್ಟನ್ನು ಹದ ಮಾಡುವರು. ಪುಟ್ಟಿನ ಕೊಳವೆಗೆ ಒಂದು ಪದರ ನೀಲಿ ಹಿಟ್ಟು, ಒಂದು ಪದರ ಬಿಳಿ ತೆಂಗಿನ ತುರಿ. ಬೆಂದ ಮೇಲೆ ಹಿಂದಿನಿಂದ ಕೋಲು ಹಾಕಿ ತಳ್ಳಿದರೆ ಅರ್ಜೆಂಟೀನಾದ ಪಟ್ಟೆ ಅಂಗಿಯೇ ತಟ್ಟೆಗೆ ಬೀಳುತ್ತಿತ್ತು. ಎದುರಾಳಿಯ ಬಣ್ಣದ್ದೂ ಒಂದು ಪದಾರ್ಥ ಇರಬೇಕು, ಅದನ್ನು ಸೀಟಿ ಊದುವ ಮೊದಲೇ ತಿಂದು ಮುಗಿಸಬೇಕು. ಸೋತರೆ ಅದಕ್ಕೂ ನಿಯಮ: ಉಳಿದದ್ದು ದನಕ್ಕೆ, ತಲೆಗೆ ತಣ್ಣೀರು, ಆ ಸಂಜೆ ಒಲೆ ಹಚ್ಚುವ ಹಾಗಿಲ್ಲ.

ಗೋಕಾಕದಲ್ಲಿ ಇದನ್ನೆಲ್ಲ ಒಬ್ಬಳೇ ನಡೆಸಬೇಕೆಂದು ನಾನು ಹಟ ಹಿಡಿದದ್ದು ಒಂಟಿತನಕ್ಕೆ. ಬ್ಯಾಂಕಿನ ವರ್ಗಾವಣೆ ನನ್ನನ್ನು ಇಲ್ಲಿಗೆ ತಂದು ಹಾಕಿತ್ತು. ಕನ್ನಡದ ಊರಿಗೇ ಹೋಗುತ್ತಿದ್ದೇನೆ, ಭಾಷೆಯ ಚಿಂತೆಯಿಲ್ಲ ಎಂದು ಬೀಗಿದ್ದೆ. ಬಂದ ವಾರದಲ್ಲೇ ಆ ಸೊಕ್ಕು ಇಳಿಯಿತು. ನಾನು ಆಡುವ ಪುಸ್ತಕದಂಥ ಕನ್ನಡ ಕೇಳಿ ಕೌಂಟರಿನ ಎದುರಿನವರು ನಗುತ್ತಿದ್ದರು. ಅವರು ಆಡಿದ್ದು ನನಗೆ ಅರ್ಧ ಮಾತ್ರ ತಿಳಿಯುತ್ತಿತ್ತು. ನಮ್ಮಲ್ಲಿ ತೆಂಗಿನಕಾಯಿ ಇಲ್ಲದೆ ಸಾರೂ ಇಲ್ಲ, ಇಲ್ಲಿ ಅದು ದೇವರ ಮುಂದೆ ಒಡೆಯುವ ವಸ್ತು. ಪಲ್ಯಕ್ಕೆ ಬೀಳುವುದು ಶೇಂಗಾ ಪುಡಿ. ನಾನು ದಿನಕ್ಕೊಂದು ಕಾಯಿ ತುರಿಯುವುದನ್ನು ನೋಡಿ ಮನೆಯ ಒಡತಿ ಬಾಳವ್ವ ನಿಮ್ಮ ಕಡೆ ಅದೆಷ್ಟು ದೇವರಿದ್ದಾರೆ ಎಂದು ಕೇಳಿದ್ದರು.

ಬಾಳವ್ವ ಕೊಣ್ಣೂರಿನವರು, ಮದುವೆಯಾಗಿ ಈ ಓಣಿಗೆ ಬಂದು ನಲವತ್ತು ವರ್ಷ ಆಗಿದೆ. ಓಣಿಯೆಂದರೆ ನಮ್ಮ ಹಾಗೆ ಗೇಟು, ಕಾಂಪೌಂಡು ಇರುವ ಬೀದಿಯಲ್ಲ. ಗೋಡೆಗೆ ಗೋಡೆ ಅಂಟಿದ ಮನೆಗಳು. ಒಂದು ಮನೆಯ ಒಗ್ಗರಣೆಗೆ ಮೂರು ಮನೆಯವರು ಕೆಮ್ಮುತ್ತಾರೆ. ಬಾಗಿಲು ತಟ್ಟುವ ಪದ್ಧತಿಯೂ ಇಲ್ಲ. ಮೊದಲ ದಿನ ನಾನು ತಲೆ ಬಾಚಿಕೊಳ್ಳುತ್ತಿದ್ದಾಗ ಅವರು ಸೀದಾ ಒಳಗೆ ಬಂದು ನನ್ನ ಡಬ್ಬಗಳನ್ನು ಒಂದೊಂದಾಗಿ ತೆರೆದು ನೋಡಿದ್ದಕ್ಕೆ ನಾನು ರಾತ್ರಿಯಿಡೀ ಸಿಟ್ಟಿನಲ್ಲಿ ಹೊರಳಾಡಿದ್ದೆ.

ಶಂಖಪುಷ್ಪ ಸಿಕ್ಕಿದ್ದು ಅವರ ಹಿತ್ತಲಿನಲ್ಲೇ. ಪೂಜೆಗೆಂದು ತಿಳಿದು ಬುಟ್ಟಿ ತುಂಬ ಕೊಟ್ಟರು. ನಾನು ಅರ್ಧ ದಿನ ರಜೆ ಹಾಕಿ, ಪಟ್ಟೆ ಪುಟ್ಟು ಮಾಡಿ, ಸೌದಿಯ ಹಸಿರಿಗೆಂದು ಪುದೀನಾ ಚಟ್ನಿ ರುಬ್ಬಿ, ಸೀಟಿಗೆ ಮೊದಲೇ ಅದನ್ನು ನೆಕ್ಕಿ ಮುಗಿಸಿ ಕೂತೆ. ನಮ್ಮ ಹತ್ತನೇ ನಂಬರಿನವನು ಮೊದಲ ಗೋಲು ಹೊಡೆದಾಗ ಒಬ್ಬಳೇ ಕುಣಿದೆ. ಆಮೇಲೆ ಐದೇ ನಿಮಿಷದಲ್ಲಿ ಎರಡು ಗೋಲು ಬಿಟ್ಟುಕೊಟ್ಟರು. ಅಪ್ಪನ ನಿಯಮದಂತೆ ಪುಟ್ಟನ್ನು ಪಕ್ಕದ ಮನೆಯ ಎಮ್ಮೆಗೆ ಹಾಕಿ, ತಲೆಗೆ ತಣ್ಣೀರು ಸುರಿದುಕೊಂಡು, ಒಲೆ ಒರೆಸಿ, ಹೊಸಿಲಿನಲ್ಲಿ ಕೂತು ಅತ್ತೆ.

ಬಾಳವ್ವ ಬಂದದ್ದು ಆಗ. ನನ್ನ ಒದ್ದೆ ತಲೆ ನೋಡಿದರು, ಒಳಗೆ ಹೋಗಿ ತಣ್ಣಗಿದ್ದ ಒಲೆ ನೋಡಿದರು, ಏನೂ ಕೇಳದೆ ಹೊರಟುಹೋದರು. ತಾಸಿನೊಳಗೆ ಏಳು ಮಂದಿ ಬಂದರು.

ನಾನು ಎಂಥ ದಡ್ಡಿ ನೋಡಿ. ತುತ್ತು ನುಂಗುತ್ತ, ಈ ಊರಿನವರೂ ಅರ್ಜೆಂಟೀನಾದವರೇ ಇರಬೇಕು, ಸೋತವಳನ್ನು ಸಮಾಧಾನ ಮಾಡಲು ಬಂದಿದ್ದಾರೆ ಎಂದುಕೊಂಡೆ. ಕೃತಜ್ಞತೆಯಿಂದ ಇನ್ನೂ ಜೋರಾಗಿ ಅತ್ತೆ. ಎರಡು ರೊಟ್ಟಿ ಮುಗಿದ ಮೇಲೆ ಬಾಳವ್ವ ಮೆಲ್ಲಗೆ ಕೇಳಿದರು.

"ಯಾರ್ರಿ ಬಾಯಾರ ಹೋದವ್ರು? ಅಪ್ಪಾರೇನ್ರಿ?"

ನೌಕರಿಯ ಹೆಂಗಸನ್ನು ಇಲ್ಲಿ ಬಾಯಾರ ಎಂದು ಕರೆಯುತ್ತಾರೆ. ಬಾಯಿಯಲ್ಲಿದ್ದದ್ದು ಸಾವಿನ ಮನೆಯ ಊಟ ಎಂದು ತಿಳಿದದ್ದು ಆಗಲೇ. ಇಲ್ಲಿ ಒಲೆ ಉರಿಯದ ಮನೆಗೆ ಮೊದಲು ಊಟ ಬರುತ್ತದೆ, ಸತ್ತವರು ಯಾರು ಎಂಬ ಪ್ರಶ್ನೆ ಉಂಡ ಮೇಲೆ. ಏಳು ಜೊತೆ ಕಣ್ಣು ನನ್ನ ಮೇಲಿದ್ದವು. ಫುಟ್‌ಬಾಲ್ ಎಂದು ಹೇಳಲು ನಾಲಿಗೆ ಏಳಲಿಲ್ಲ. ಅಪ್ಪ ಎಂದು ಹೇಳುವಷ್ಟು ಪಾಪಿಯೂ ಆಗಲಿಲ್ಲ.

"ದೊಡ್ಡಪ್ಪ" ಎಂದೆ.

ನನಗೆ ದೊಡ್ಡಪ್ಪ ಇಲ್ಲ. ಅಪ್ಪ ಮನೆಗೆ ಹಿರಿಮಗ. ಹೆಸರು ಕೇಳಿದಾಗ ಗೋಡೆಯ ಕ್ಯಾಲೆಂಡರ್ ನೋಡಿ ನಾರಾಯಣ ಎಂದೆ. ಮಣ್ಣಿಗೆ ಹೋಗುವುದಿಲ್ಲವೇ ಎಂದರು, ಅಂದರೆ ಅಂತ್ಯಕ್ರಿಯೆಗೆ. ದೊಡ್ಡಪ್ಪನನ್ನು ದುಬೈಗೆ ಕಳಿಸಿ ಅಲ್ಲೇ ಸಾಯಿಸಿದೆ. ಒಬ್ಬ ಮನುಷ್ಯ ಐದು ನಿಮಿಷದಲ್ಲಿ ಹುಟ್ಟಿ, ಸಮುದ್ರ ದಾಟಿ, ಸತ್ತುಹೋದ.

ಮೂರು ದಿನ ನನ್ನನ್ನು ಒಲೆ ಮುಟ್ಟಗೊಡಲಿಲ್ಲ. ಬೆಳಗ್ಗೆ ಒಂದು ಮನೆಯ ಉಪ್ಪಿಟ್ಟು, ಸಂಜೆ ಇನ್ನೊಂದು ಮನೆಯ ರೊಟ್ಟಿ, ಬದನೆಕಾಯಿ. ಎದುರುಮನೆಯ ಸುಜಾತಾ ಬೌದ್ಧ ಮನೆತನದವರು, ಹುಕ್ಕೇರಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಅವರು ಡ್ಯೂಟಿ ಮುಗಿಸಿ ಬಂದು ನನ್ನ ಬಿ.ಪಿ. ನೋಡಿ ಹೋಗುತ್ತಿದ್ದರು. ಅಷ್ಟರಲ್ಲಿ ಅರ್ಜೆಂಟೀನಾ ಗೆಲ್ಲಲು ಶುರುಮಾಡಿತ್ತು. ನಾನು ದಿಂಬಿಗೆ ಮುಖ ಒತ್ತಿ ಕಿರುಚಿ, ಬೆಳಗ್ಗೆ ಸೂತಕದ ಮುಖ ಹೊತ್ತು ಹೊರಗೆ ಬರಬೇಕಿತ್ತು. ನಾಲ್ಕು ತಿಂಗಳು ಇಲ್ಲದ ಬಳಗ ಒಂದು ಸುಳ್ಳಿನಿಂದ ಸಿಕ್ಕಿತ್ತು. ಅದನ್ನು ಕಳೆದುಕೊಳ್ಳುವ ಭಯಕ್ಕೆ ಬಾಯಿ ಮುಚ್ಚಿಕೊಂಡಿದ್ದೆ ಎಂಬುದೇ ನಿಜ.

ಹದಿಮೂರನೆಯ ದಿನ ಬಾಳವ್ವ ದುಃಖ ಕಳೆಯಲೆಂದು ಒಂದು ಹಸಿರು ಖಣ ತಂದು ನನ್ನ ಮಡಿಲಿಗಿಟ್ಟರು. ರೇಷ್ಮೆ ಅಂಚಿನ ರವಿಕೆಯ ಬಟ್ಟೆ. ಅವತ್ತಿನಿಂದ ನನಗೆ ಊಟ ಸೇರಲಿಲ್ಲ. ಸೆಮಿಫೈನಲ್ ಗೆದ್ದ ಬೆಳಗ್ಗೆ ಫೋನಿನಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ.

"ಇಲ್ಲದ ಮನುಷ್ಯನನ್ನು ಹುಟ್ಟಿಸಿ ಸಾಯಿಸಿದ್ದಾ ನೀನು? ಅದೂ ಅವರ ಕೈಯ ಅನ್ನ ತಿಂದು?" ಎಂದರು ಅಪ್ಪ. "ಫೈನಲಿಗೆ ಮೊದಲು ಹೇಳು ಮಾರಾಯ್ತಿ. ಹೇಳದಿದ್ರೆ ನಾನು ಆಟ ನೋಡುವುದಿಲ್ಲ."

ಮೂವತ್ತಾರು ವರ್ಷದಿಂದ ಕಪ್ಪಿಗೆ ಕಾದ ಮನುಷ್ಯ ಹೇಳುವ ಮಾತಲ್ಲ ಅದು.

ಫೈನಲಿನ ಭಾನುವಾರ ಸಂಜೆ ಐದಕ್ಕೆ ಅಷ್ಟೂ ಜನರನ್ನು ಕರೆದೆ. ಪಟ್ಟೆ ಪುಟ್ಟು, ತೆಂಗಿನಕಾಯಿ ಅರೆದು ಹಾಕಿದ ಕಡಲೆ ಗಸಿ. ಫ್ರಾನ್ಸಿನವರದೂ ನೀಲಿಯೇ ಆದ್ದರಿಂದ ಅವರ ಬಾವುಟದ ಕೆಂಪಿಗೆ ಬೀಟ್‌ರೂಟ್ ಪಲ್ಯ. ನೀಲಿ ಅಡುಗೆ ನೋಡಿ ಅವರು ಬೆಚ್ಚಿಬಿದ್ದರು. ಬಟ್ಟೆಗೆ ಹಾಕುವ ನೀಲಿಯೇ ಎಂದು ಒಬ್ಬರು ಮೂಸಿ ನೋಡಿದರು. ಯಾರೂ ತಟ್ಟೆಗೆ ಕೈ ಹಾಕುವ ಮೊದಲೇ ನಾನು ನಿಂತು ಹೇಳಿಬಿಟ್ಟೆ: ನನಗೆ ದೊಡ್ಡಪ್ಪನೇ ಇಲ್ಲ, ಅವತ್ತು ಸೋತದ್ದು ಒಂದು ಆಟ, ನಾನು ಹೇಳಿದ್ದು ಸುಳ್ಳು.

ಒಬ್ಬರು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಮೂಲೆಮನೆಯ ಮುದುಕಿ ಎದ್ದು ಚಪ್ಪಲಿ ಮೆಟ್ಟಿ ಹೋದರು. ಬಾಳವ್ವ ತಟ್ಟೆಯನ್ನೇ ನೋಡುತ್ತಿದ್ದರು.

"ಸತ್ತಾರಂತ ನಾವು ರೊಟ್ಟಿ ತಂದಿಲ್ರಿ. ನಿಮ್ಮ ಒಲಿ ಹತ್ತಿದ್ದಿಲ್ಲ, ಅದಕ್ಕ ತಂದೀವಿ. ಅದರದೇನೂ ಇಲ್ಲ" ಎಂದರು. ನನಗೆ ಉಸಿರು ಬಂತು. ಅವರು ಇನ್ನೂ ಮುಗಿಸಿರಲಿಲ್ಲ. "ಆದ್ರ ನೀವು ಊರ ಬಿಟ್ಟು ಬಂದವ್ರು, ಇಲ್ಲಿ ನಿಮ್ಮವ್ರಿಗೆ ಯಾರ ಇಡಬೇಕಂತ, ಹದಿಮೂರು ದಿನಾ ನಾರಾಯಣಪ್ಪಗ ನಾ ಮಾಳಗಿ ಮ್ಯಾಲ ತುತ್ತ ಇಟ್ಟೇನಿ. ದಿನಾ ಕಾಗಿ ಬಂದು ತಿಂದೈತಿ. ಆ ತುತ್ತ ಯಾರಿಗೆ ಮುಟ್ಟಿತ್ರಿ?"

ಇದು ನನಗೆ ಗೊತ್ತೇ ಇರಲಿಲ್ಲ. ನಾನು ರಾತ್ರಿ ಗೋಲಿಗೆ ದಿಂಬಿನೊಳಗೆ ಕಿರುಚಿದ ಆ ದಿನಗಳಲ್ಲೇ ನನ್ನ ತಲೆಯ ಮೇಲಿನ ಮಾಳಿಗೆಯಲ್ಲಿ, ಕಾಣದ ಊರಿನ ಕಾಣದ ಮನುಷ್ಯನಿಗಾಗಿ ಈಕೆ ಕೈಮುಗಿದು ಕಾಗೆ ಕರೆಯುತ್ತಿದ್ದರು. ಕಾಲು ಹಿಡಿಯಲು ಬಗ್ಗಿದೆ. ಅವರು ಬಿಡಲಿಲ್ಲ.

"ಹೆಸರ ತಗೊಂಡೀರಿ, ಕಾಗಿ ಉಂಡೈತಿ. ಇನ್ನ ಇಲ್ಲಂದ್ರ ಅಂವ ಇಲ್ಲಾಗಂಗಿಲ್ಲ. ಎಳ್ಳಮಾಸಿಗೆ ನಿಮ್ಮ ಕೈಲೇ ಮಾಡಿ ನೀವ ಇಡ್ರಿ. ನಾ ಆಮ್ಯಾಲ ಉಣ್ತೇನಿ." ಎದ್ದು ಹೋದರು. ಉಳಿದವರೂ ಎದ್ದರು. ಸುಜಾತಾ ಮಾತ್ರ ತಟ್ಟೆ ಹತ್ತಿರ ಎಳೆದುಕೊಂಡು, ತುತ್ತು, ಕಾಗೆ ತಮ್ಮ ಮನೆಯಲ್ಲಿ ಇಲ್ಲ, ಹಸಿವು ಇದೆ ಎನ್ನುತ್ತ ಎರಡು ಪಟ್ಟೆ ತಿಂದರು.

ಅರ್ಜೆಂಟೀನಾ ಗೆದ್ದಿತು. ಫೋನಿನಲ್ಲಿ ಉಪ್ಪಳದ ಪಟಾಕಿ, ಅದರ ನಡುವೆ ಅಪ್ಪನ ಅಳು. ನಾನೂ ಅತ್ತೆ.

ಎಳ್ಳು ಅಮಾವಾಸ್ಯೆಗೆ ಐದೇ ದಿನ ಉಳಿದಿತ್ತು. ನನಗೆ ಬರುವುದು ಅದೊಂದೇ ಅಡುಗೆ, ಪಟ್ಟೆ ಪುಟ್ಟನ್ನೇ ಮಾಡಿ ಮಾಳಿಗೆಗೆ ಒಯ್ದೆ. ಕಾಗೆ ಬಾರದಿದ್ದರೆ ಈ ಓಣಿಯಲ್ಲಿ ನನಗೆ ಜಾಗವಿಲ್ಲ ಎಂದು ಗಟ್ಟಿಯಾಗಿ ಅನ್ನಿಸಿತ್ತು. ಬಾಳವ್ವ ಸೆರಗು ಹೊದ್ದು ಪಕ್ಕದಲ್ಲಿ ನಿಂತರು. ನೀರಿನ ಟ್ಯಾಂಕಿನ ಮೇಲಿದ್ದ ಕಾಗೆ ಕತ್ತು ಓರೆ ಮಾಡಿ ನೋಡಿತು, ಕುಪ್ಪಳಿಸಿ ಇಳಿಯಿತು, ಬಿಳಿಯನ್ನು ಬಿಟ್ಟು ನೀಲಿಯನ್ನೇ ಕಚ್ಚಿ ಒಯ್ದಿತು. ಬಾಳವ್ವ ಕೆಳಗಿಳಿದು ಬಂದು ಪುಟ್ಟು ಬಾಯಿಗಿಟ್ಟು, ಉಪ್ಪು ಕಡಿಮೆಯಾಗಿದೆ ಎಂದರು.

ಆಮೇಲೆ ಮೂಲೆಮನೆಯ ಮುದುಕಿಯೂ ಮಾತಾಡಿಸಿದರು. ನಾನು ಅವರ ಹಾಗೆ ಐತಿ, ಬರ್ರಿ ಎನ್ನಲು ಕಲಿತೆ. ಪ್ರತಿ ಅಮಾವಾಸ್ಯೆ ನಾರಾಯಣಪ್ಪನಿಗೆ ಇಡುತ್ತೇನೆ. ಓಣಿಯಲ್ಲಿ ನಿಜ ಎಲ್ಲರಿಗೂ ಗೊತ್ತು, ಆದರೂ ಅವನ ಬಗ್ಗೆ ಯಾರೂ ಹಗುರವಾಗಿ ಆಡುವುದಿಲ್ಲ.

ಈ ವರ್ಷ ಮಹಾಲಯ ಅಮಾವಾಸ್ಯೆಗೆ ರಜೆಯಲ್ಲಿ ಉಪ್ಪಳದಲ್ಲಿದ್ದೆ. ಬೆಳಗ್ಗೆಯೇ ಬಾಳವ್ವನ ಫೋನು, ಅಲ್ಲಿ ತುತ್ತು ಇಟ್ಟಿರೋ ಇಲ್ಲವೋ ಎಂದು. ಪಕ್ಕದಲ್ಲಿ ಕೂತಿದ್ದ ಅಪ್ಪನಿಗೆ ಮಾತು ಕೇಳಿಸಿತು. ಹೊಲಿಗೆ ಯಂತ್ರದಿಂದ ತಲೆಯೆತ್ತದೆ, "ಅಣ್ಣನಿಗೆ ಇಲ್ಲಿಯೂ ಒಂದು ಎಲೆ ಹಾಕುವ" ಎಂದರು.

ಎಲೆ ಕೊಯ್ಯಲು ಅಂಗಳಕ್ಕಿಳಿದೆ. ನಮ್ಮ ಬಾಳೆ, ನಮ್ಮ ಬಾವಿಕಟ್ಟೆ, ನಾನು ಹುಟ್ಟಿದ ಮನೆ. ಕೈ ಮುಂದೆ ಹೋಗಲಿಲ್ಲ. ಫೋನು ಇನ್ನೂ ಕಿವಿಯಲ್ಲಿತ್ತು.

"ನಾರಾಯಣಪ್ಪನವರಿಗೆ ಈ ಊರು ಗೊತ್ತಿಲ್ಲ ಅವ್ವಾ. ಅವರು ಅಲ್ಲಿಯವರು. ನೀವೇ ಇಡಿ."