ಗೋಡೆಗೆ ಹಾಕಿದ ಗಾಜಿನ ಪಟ್ಟಿ

ನಾನು ಕೆಲಸ ಮಾಡೋದು ನೆಲದ ಒಳಗೆ, ಚಿನ್ನದ ಗಣೀಲಿ. ಚಿನ್ನ ನನ್ ಕೈಗೆ ಸಿಗಲ್ಲ. ಬಂಡೆ ಬೀಳುತ್ತೋ ಇಲ್ವೋ ನೋಡೋದಷ್ಟೇ ನನ್ ಕೆಲಸ. ಕಬ್ಬಿಣದ ಸಲಾಕೆ ತಗೊಂಡು ತಲೆ ಮೇಲಿನ ಬಂಡೆ ತಟ್ಟಬೇಕು. ಠಣ್ ಅಂದ್ರೆ ಗಟ್ಟಿ. ಡಬ್ ಅಂದ್ರೆ ಟೊಳ್ಳು, ಹಿಂದಕ್ಕೆ ಓಡಬೇಕು. ಬಿರುಕು ಕಂಡ್ರೆ ಅದಕ್ಕೆ ಅಡ್ಡ ತೆಳ್ಳನೆ ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಸಿಮೆಂಟ್ ಹಚ್ತೀವಿ. ಬಂಡೆ ಕೂದಲಷ್ಟು ಸರಿದ್ರೂ ಗಾಜು ಒಡೆಯುತ್ತೆ. ಈಗ ಮಿಷನ್ನೂ ಬಂದಾವೆ. ನಾನು ನಂಬೋದು ಗಾಜನ್ನೇ.

ರಜಕ್ಕೆ ಶಿಕಾರಿಪುರಕ್ಕೆ ಬಂದಾಗ ಅವ್ವ ಸೊರಬದ ಕಡೆ ಹೆಣ್ಣು ನೋಡಾಕೆ ಕರ್ಕೊಂಡು ಹೋದ್ಲು. ಅದಕ್ಕೂ ಮೊದ್ಲು ಎರಡು ಮನೆಯೋರು ಗಣಿ ಅಂದ ತಕ್ಷಣ ಬೇಡ ಅಂದಿದ್ರು. "ಬಾಯಿ ಮುಚ್ಕೊಂಡು ಉಪ್ಪಿಟ್ಟು ತಿಂದು ಬಾ" ಅಂತ ಶಿರಾಳಕೊಪ್ಪದಲ್ಲಿ ಬಸ್ ಹತ್ತಿದಾಗಿಂದ ಹೇಳ್ತಾನೇ ಇದ್ಲು.

ಮುಚ್ಕೊಂಡೇ ಇದ್ದೆ. ಆದ್ರೆ ನಂಗೆ ಕುರ್ಚಿ ಹಾಕಿದ್ದು ಗೋಡೆ ಪಕ್ಕ, ಆ ಗೋಡೇಲಿ ಮೇಲಿಂದ ಕೆಳಗಿನ ತನಕ ಬಿರುಕು. ಕೈ ಸುಮ್ನಿರಲಿಲ್ಲ, ತಟ್ಟಿದೆ. ಡಬ್ ಅಂತು. ಕುರ್ಚಿ ಎತ್ಕೊಂಡು ಹೋಗಿ ಬಾಗ್ಲತ್ರ ಕೂತೆ.

"ಯಾಕ್ರೀ, ಸೆಕೆನಾ?" ಅಂದ್ರು ಹುಡುಗಿ ಅಪ್ಪ.

"ಇಲ್ರೀ. ನಿಮ್ ಗೋಡೆ ಬೀಳಂಗೈತೆ."

ಅವ್ವ ತಲೆ ಮೇಲೆ ಕೈ ಇಟ್ಕೊಂಡ್ಲು.

"ಇದು ನಮ್ಮಪ್ಪ ಕಟ್ಟಿಸಿದ್ದು. ನಾನು ಹುಟ್ಟಿದಾಗಿಂದ ಆ ಬಿರುಕು ಹಂಗೇ ಇದೆ. ನೀವು ಹೆಣ್ಣು ನೋಡೋಕೆ ಬಂದ್ರೋ, ಗೋಡೆ ನೋಡೋಕೆ ಬಂದ್ರೋ?"

ಅಷ್ಟೊತ್ತಿಗೆ ಹುಡುಗಿ ಕಾಫಿ ತಂದ್ಲು. "ಹಂಗೇ ಇಲ್ಲಪ್ಪ. ಹೋದ ವರ್ಷ ಅದ್ರೊಳಗೆ ನನ್ ಬಾಚಣಿಗೆ ಹೋಗ್ತಿರ್ಲಿಲ್ಲ. ಈಗ ಹೋಗುತ್ತೆ."

ಬಿರುಕು ಅಳೆಯೋ ಹುಡುಗಿ. ನಂಗೆ ಇವ್ಳೇ ಬೇಕು ಅನ್ನಿಸ್ತು.

ಗಣೀಲಿ ಬಿರುಕಿಗೆ ಗಾಜು ಹಾಕಿ ನೋಡೋದನ್ನ ಹೇಳ್ದೆ. ಅವ್ರಪ್ಪಗೆ ಸಿಟ್ಟು ಬಂತು. "ನಿಮ್ ಗಾಜು ಹಾಕ್ರಿ. ಒಂದು ತಿಂಗಳು ನೋಡಾಣ. ಒಡೀಲಿಲ್ಲ ಅಂದ್ರೆ ಈ ಸಂಬಂಧ ಇಲ್ಲಿಗೇ ಬಿಟ್ಟುಬಿಡಿ."

ಅಲ್ಲೇ ಪೇಟೇಲಿ ಗಾಜು, ಸಿಮೆಂಟ್ ತಂದು ಹಾಕಿ, ಗಣಿಗೆ ವಾಪಸ್ ಹೋದೆ. ಗಣೀಲಿ ದಿನಾ ಗಾಜು ಒಡೀದಿರಲಪ್ಪ ಅನ್ನೋನು, ಊರಿನ ಗಾಜು ಒಡೀಲಿ ಅಂತ ಚಂದ್ರಗುತ್ತಿ ಅಮ್ಮಂಗೆ ಹರಕೆ ಹೊತ್ತೆ. ವಾರವಾರ ಅವ್ರಪ್ಪಗೆ ಫೋನ್ ಮಾಡ್ತಿದ್ದೆ. ಅವ್ರು ಕೂತಲ್ಲಿಂದ್ಲೇ "ಲೇ, ಗಾಜು ಒಡೀತೇನೇ?" ಅಂತ ಹೆಂಡ್ತಿನ ಕೂಗೋರು. "ಇಲ್ಲ" ಅಂತ ಅಡುಗೆ ಮನೆಯಿಂದ ಕೇಳ್ಸೋದು. ನಾಕು ವಾರನೂ ಅದೇ.

ತಿಂಗಳಾಯ್ತು. ಬೇಡ ಅನ್ನಿಸ್ಕೊಳ್ಳಾಕೆ ನಾನೂ ಅವ್ವನೂ ಹೋದ್ವಿ. ನಾನು ಸೀದಾ ಗೋಡೆ ಹತ್ರ ಹೋದೆ. ಗಾಜೇ ಇಲ್ಲ. ಅದ್ರ ಜಾಗದಲ್ಲಿ ಇಸ್ಕೂಲ್ ಮಕ್ಕಳ ಪ್ಲಾಸ್ಟಿಕ್ ಸ್ಕೇಲು, ಗೋಡೆ ಒಂದು ಕಡೆ ಮುಂದಕ್ಕೆ ಸರಿದಿದ್ದಕ್ಕೆ ಬಗ್ಗಿ ನಿಂತೈತೆ.

ಹುಡುಗಿ ಅಮ್ಮ ಸೆರಗು ಹಿಡ್ಕೊಂಡು ನಿಂತಿದ್ರು. "ಎಂಟನೇ ದಿನಕ್ಕೇ ಗಾಜು ಒಡೀತು ಕಣಪ್ಪ. ಮದುವೆ ಮಾತಾಡ್ತಿರೋ ಮನೇಲಿ ಒಡೆದ ಗಾಜು ಇರಬಾರ್ದು. ಅದಕ್ಕೆ ಒಡೀದೇ ಇರೋದು ಹಾಕ್ದೆ. ಮದುವೆ ಆಗ್ಲಿ ಅಂತಾನೇ ಹಾಕಿದ್ದು."

ಹುಡುಗಿ ನಗು ತಡೀಲಾರ್ದೆ ಬಾಯಿಗೆ ಕೈ ಅಡ್ಡ ಇಟ್ಕೊಂಡು ಒಳಗೆ ಹೋದ್ಲು. ನಾನು ಹೋದ ಸಲದಂಗೇ ಬಾಗ್ಲತ್ರ ಹೋಗಿ ಕೂತೆ.

ಅವ್ರಪ್ಪ ಎದ್ದು ಹೋಗಿ ಆ ಸ್ಕೇಲನ್ನ ಬೆರಳಲ್ಲಿ ಮುಟ್ಟಿ ನೋಡಿದ್ರು. ಆಮೇಲೆ ಅವ್ರ ಕುರ್ಚಿ ಎತ್ಕೊಂಡು ಬಾಗ್ಲತ್ರ ಬಂದು ನನ್ ಪಕ್ಕ ಹಾಕ್ಕೊಂಡು ಕೂತ್ರು.

"ಗೋಡೆ ಮದುವೆಗೆ ಮುಂಚೆ ಕೆಡವಬೇಕೋ, ಆಮೇಲೋ?"

"ಮುಂಚೆನೇ ರೀ. ಬಂದ ನೆಂಟ್ರೆಲ್ಲ ಅದಕ್ಕೇ ಒರಗ್ತಾರೆ."